ಮಾಲೆ ತೆಗೆದ ರಾತ್ರಿ: ಪೀಣ್ಯದ ಹುಡುಗನೊಬ್ಬನ ಪ್ರಕರಣ ಅಧ್ಯಯನ

ಇದು ಒಬ್ಬನೇ ವ್ಯಕ್ತಿಯ ಕಡತವಲ್ಲ. ಪೀಣ್ಯ, ಲಗ್ಗೆರೆ, ರಾಜಗೋಪಾಲನಗರದ ಸುತ್ತಮುತ್ತ ಜೈಲಿಂದ ಬಂದು ಹೊಸದಾಗಿ ಬದುಕು ಕಟ್ಟಿಕೊಳ್ಳಲು ಹೊರಟ ಹುಡುಗರ ವಿಷಯದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿದ್ದೇವೆ. ಘಟನೆಯ ದಿನಾಂಕ, ಸಂಬಳ, ಖರ್ಚಿನ ಮೊತ್ತಗಳು ಆ ಜೋಡಣೆಗೆ ಸೇರಿದವು. ಕಾನೂನಿನ ಕಲಂಗಳು, ಅಯ್ಯಪ್ಪ ಮಾಲೆಯ ವ್ರತದ ನಿಯಮಗಳು, ವೈದ್ಯಕೀಯ ವಿವರಗಳು ಇದ್ದದ್ದು ಇದ್ದ ಹಾಗೆ. ಹುಡುಗನಿಗೆ ಹೆಸರಿಟ್ಟಿಲ್ಲ.

ಕೇಸು

2023ರ ಸೆಪ್ಟೆಂಬರ್. ರಾತ್ರಿ ಪಾಳಿ ಮುಗಿಸಿ ಫೋನಿನಲ್ಲಿ ಮಾತಾಡುತ್ತ ನಡೆದು ಹೋಗುತ್ತಿದ್ದ ಸೆಕ್ಯೂರಿಟಿ ಗಾರ್ಡ್ ಒಬ್ಬರ ಕೈಯಿಂದ ಬೈಕಿನಲ್ಲಿ ಬಂದ ಇಬ್ಬರು ಮೊಬೈಲ್ ಕಸಿದರು. ಹಿಂದೆ ಕೂತು ಕೈ ಹಾಕಿದವನು ಈ ಹುಡುಗ. ವಯಸ್ಸು 19 ವರ್ಷ 10 ತಿಂಗಳು. ಓದು ಒಂಬತ್ತನೇ ಕ್ಲಾಸಿಗೆ ನಿಂತಿತ್ತು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ, ತಂದೆ ಮನೆ ಬಿಟ್ಟು ಬಹಳ ವರ್ಷವಾಗಿದೆ. 13,500 ರೂಪಾಯಿಯ ಫೋನು ಮೂರು ದಿನದಲ್ಲಿ ಕೈ ಬದಲಾಗಿ ಹೋಯಿತು, ಸಿಗಲೇ ಇಲ್ಲ. ಅದರಿಂದ ಇವನ ಪಾಲಿಗೆ ಬಂದದ್ದು 1,200 ರೂಪಾಯಿ.

ಆಗ ಜಾರಿಯಲ್ಲಿದ್ದದ್ದು ಭಾರತೀಯ ದಂಡ ಸಂಹಿತೆ. ಕೇಸು 392ನೇ ಕಲಂ, ಅಂದರೆ ಸುಲಿಗೆ. 10 ವರ್ಷದವರೆಗೆ ಕಠಿಣ ಶಿಕ್ಷೆ. (2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿಯುವುದಕ್ಕೇ ಬೇರೆ ಕಲಂ ಇದೆ: 304, ಮೂರು ವರ್ಷದವರೆಗೆ.) ಗಾರ್ಡ್ ಬಿದ್ದು ಪೆಟ್ಟಾಗಿರಲಿಲ್ಲ, ಅದು ಇಬ್ಬರ ಪುಣ್ಯ. ಸುಲಿಗೆ ಮಾಡುವಾಗ ಗಾಯವಾದರೆ ಕೇಸು 394ನೇ ಕಲಮಿಗೆ ಹೋಗುತ್ತದೆ. ಅದರಲ್ಲಿ ಜೀವಾವಧಿಯವರೆಗೆ ಶಿಕ್ಷೆ ಇರುವುದರಿಂದ ಮುಂದೆ ಹೇಳುವ ಪ್ರೊಬೇಷನ್ನಿನ (ದೋಷಿಯನ್ನು ಜೈಲಿಗೆ ಕಳಿಸದೆ ಸನ್ನಡತೆಯ ಬಾಂಡ್ ಮೇಲೆ ಬಿಡುವುದು) ಬಾಗಿಲು ಆಗಲೇ ಮುಚ್ಚುತ್ತದೆ.

ಪರಪ್ಪನ ಅಗ್ರಹಾರದಲ್ಲಿ ಐದು ತಿಂಗಳು ಇದ್ದ. ಎರಡೇ ತಿಂಗಳಿಗೆ ಜಾಮೀನು ಮಂಜೂರಾಗಿತ್ತು. ಉಳಿದ ಮೂರು ತಿಂಗಳು ಒಳಗೇ ಕಳೆದದ್ದು ಜಾಮೀನುದಾರರು ಸಿಗದೆ. ಪಹಣಿಯೋ ಆಸ್ತಿ ಪತ್ರವೋ ಇರುವ ಒಬ್ಬರೂ ಆ ತಾಯಿಯ ಪರಿಚಯದಲ್ಲಿ ಇರಲಿಲ್ಲ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟ್ ತಾನೇ ಯೋಚಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ. ಅದನ್ನು ಎತ್ತಿ ತೋರಿಸುವ ವಕೀಲರು ಬೇಕಷ್ಟೆ. ಬಂಧನದಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಹಕ್ಕು ಅದು. ಸಹಾಯವಾಣಿ 15100. ಬೆಂಗಳೂರಿನಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿಯಿದೆ. ಇದು ತಾಯಿಗೆ ಗೊತ್ತಾದದ್ದು ನಾಲ್ಕನೇ ತಿಂಗಳು, ಅದೂ ಜೈಲಿನ ಗೇಟಿನ ಹೊರಗೆ ಸಂದರ್ಶನಕ್ಕೆ ಸಾಲು ನಿಂತಿದ್ದ ಇನ್ನೊಬ್ಬ ತಾಯಿಯ ಬಾಯಿಂದ.

ಇಪ್ಪತ್ತೊಂದು ತುಂಬುವ ಮೊದಲು

2024ರ ಆಗಸ್ಟಿನಲ್ಲಿ ಹುಡುಗ ತಪ್ಪೊಪ್ಪಿಕೊಂಡ. ಆಗ ವಯಸ್ಸು 20 ವರ್ಷ 9 ತಿಂಗಳು. ಈ ಲೆಕ್ಕವನ್ನು ಅವನ ವಕೀಲರು ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಮಾಡಿದ್ದರು. 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ 6ನೇ ಕಲಮಿನಂತೆ, ಜೀವಾವಧಿ ಶಿಕ್ಷೆ ಇಲ್ಲದ ಅಪರಾಧದಲ್ಲಿ 21 ತುಂಬದವರು ದೋಷಿ ಎಂದಾದರೆ ಅವರನ್ನು ಸುಮ್ಮನೆ ಜೈಲಿಗೆ ಕಳಿಸುವಂತಿಲ್ಲ. ಕೋರ್ಟ್ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಲೇಬೇಕು, ಆಮೇಲೂ ಜೈಲೇ ಸರಿ ಅನ್ನಿಸಿದರೆ ಕಾರಣ ಬರೆಯಲೇಬೇಕು. ಈ ವಯಸ್ಸನ್ನು ಅಳೆಯುವುದು ಘಟನೆಯ ದಿನಕ್ಕಲ್ಲ, ಕೋರ್ಟ್ ದೋಷಿ ಎಂದು ತೀರ್ಮಾನಿಸುವ ದಿನಕ್ಕೆ. ಮೂರು ಮುಂದೂಡಿಕೆ ಆಗಿದ್ದರೆ ನವೆಂಬರ್ ಬಂದು ಈ ರಕ್ಷಣೆ ಹೋಗುತ್ತಿತ್ತು. ಬಾಂಡ್ ಮೇಲೆ ಬಿಡುವ 4ನೇ ಕಲಂ ಎಲ್ಲ ವಯಸ್ಸಿನವರಿಗೂ ಇದೆ, ಆದರೆ ಅದು ಪೂರ್ತಿಯಾಗಿ ನ್ಯಾಯಾಧೀಶರ ವಿವೇಚನೆ.

ಪ್ರೊಬೇಷನ್ ಅಧಿಕಾರಿ ಮನೆಗೆ ಬಂದಾಗ ತಾಯಿ ಮನೆ ಸಾರಿಸಿ, ದೇವರ ಮುಂದೆ ದೀಪ ಹಚ್ಚಿ, ಹುಡುಗನ ಹಣೆಗೆ ವಿಭೂತಿ ಬಳಿದು ಕೂರಿಸಿದ್ದರು. ಆ ತಾಯಿಯ ಭಯ ಅರ್ಥವಾಗುವಂಥದ್ದೇ. ಆದರೆ ವರದಿಗೆ ಬೇಕಾದದ್ದು ಬೇರೆ: ಬಾಡಿಗೆ ಕರಾರು ಪತ್ರ, ಆಧಾರ್, ಶಾಲೆಯ ವರ್ಗಾವಣೆ ಪತ್ರ, ಕೆಲಸ ಕೊಡಲು ಒಪ್ಪಿದವರ ಒಂದು ಸಾಲಿನ ಪತ್ರ, ಕುಡಿತ-ಗಾಂಜಾದ ಬಗ್ಗೆ ಮುಚ್ಚುಮರೆಯಿಲ್ಲದ ಉತ್ತರ. 4ನೇ ಕಲಮಿನಲ್ಲಿ ಬಿಡಬೇಕಾದರೆ ಹುಡುಗನಿಗೋ ಜಾಮೀನುದಾರರಿಗೋ ಕೋರ್ಟಿನ ವ್ಯಾಪ್ತಿಯಲ್ಲಿ ಖಾಯಂ ವಾಸ ಅಥವಾ ನಿತ್ಯದ ಉದ್ಯೋಗ ಇರಬೇಕು. ತಿಂಗಳಿಗೊಂದು ಮನೆ ಬದಲಿಸುವ ಕುಟುಂಬಗಳು ಎಡವುವುದು ಇಲ್ಲೇ.

ಆದೇಶ ಹೀಗಿತ್ತು. ಎರಡು ವರ್ಷದ ಸನ್ನಡತೆಯ ಬಾಂಡ್ (ಕಾಯ್ದೆಯಲ್ಲಿ ಗರಿಷ್ಠ ಮೂರು), ಒಂದು ವರ್ಷ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆ (ಅದಕ್ಕಿಂತ ಕಡಿಮೆ ಇಡುವಂತಿಲ್ಲ), ಅನುಮತಿ ಇಲ್ಲದೆ ಊರು ಬಿಡುವಂತಿಲ್ಲ, 5ನೇ ಕಲಮಿನಂತೆ ಗಾರ್ಡಿಗೆ 15,000 ರೂಪಾಯಿ ಪರಿಹಾರ. ತಿಂಗಳಿಗೆ 1,500ರಂತೆ ಹತ್ತು ಕಂತು, ಕೋರ್ಟಿನಲ್ಲಿ ಜಮೆ. ಇದೇ ಪ್ರೊಬೇಷನ್ ಕಾಯ್ದೆಯ 12ನೇ ಕಲಮಿನಿಂದ ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆ ತಪ್ಪುತ್ತದೆ. ಹಾಗೆಂದು ದೋಷಿ ಎಂಬ ತೀರ್ಪು ಅಳಿಸಿಹೋಗುವುದಿಲ್ಲ. ‘ಕೇಸೇ ಇರಲಿಲ್ಲ ಅಂತ ಬರೀಬಹುದು’ ಎಂದು ಯಾರಾದರೂ ಹೇಳಿದರೆ ನಂಬಬಾರದು. ಸರ್ಕಾರಿ ಕೆಲಸದ ದೃಢೀಕರಣ ಅರ್ಜಿಯಲ್ಲಿ ಕೇಸು ಮುಚ್ಚಿಟ್ಟದ್ದೇ ತೆಗೆದುಹಾಕಲು ಕಾರಣವಾಗಬಲ್ಲದು ಎಂಬುದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು.

ಕೆಲಸ

ಪೀಣ್ಯದ ಒಂದು ಸಣ್ಣ ಪೌಡರ್ ಕೋಟಿಂಗ್ ಘಟಕ. ಮಾಲೀಕರಿಗೆ ವಿಷಯ ಮೊದಲೇ ತಿಳಿಸಲಾಗಿತ್ತು. ಹುಡುಗ ತಾನೇ ಹೇಳಿದ್ದು ಮೂರೇ ವಾಕ್ಯ: ಏನು ಮಾಡಿದೆ, ಕೋರ್ಟ್ ಏನು ಹೇಳಿತು, ತಿಂಗಳಿಗೆ ಯಾವ ದಿನ ರಜೆ ಬೇಕು. ಇದಕ್ಕಿಂತ ಹೆಚ್ಚು ಹೇಳಿದರೆ ಅದು ಕಥೆಯಾಗುತ್ತದೆ, ಕಡಿಮೆ ಹೇಳಿದರೆ ಆಮೇಲೆ ಸುಳ್ಳಾಗುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಕೇಸಿನ ವಿವರ ಯಾರಿಗಾದರೂ ಸಿಗುತ್ತದೆ. ಬಚ್ಚಿಡುವುದು ಇಂದು ಆಗುವ ಮಾತೂ ಅಲ್ಲ.

ಬೆಳಗಿನ 6ರ ಪಾಳಿ. ಸಂಬಳ 16,000; ಇಎಸ್ಐ 120, ಪಿಎಫ್ 1,440 ಕಡಿದು ಕೈಗೆ 14,440. ಮನೆಗೆ 7,000, ಪರಿಹಾರದ ಕಂತು 1,500, ತಾಯಿಯ ಚೀಟಿ ಸಾಲಕ್ಕೆ 2,000, ಬಸ್ಸು-ಫೋನಿಗೆ 1,200. ಉಳಿಯುವುದು 2,740. ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು, ಜನವರಿಯಲ್ಲಿ ಎಲ್ಲ ಜಾರಿದ್ದು ಇಲ್ಲಿಂದಲೇ.

ಮಾಲೆ

ಮಾಲೆ ಹಾಕುವ ಮಾತು ಎತ್ತಿದ್ದು ಹುಡುಗನೇ. ಕಾರ್ತಿಕ ಮಾಸ ಬಂದರೆ ಆ ಬೀದಿಯಲ್ಲಿ ಅಯ್ಯಪ್ಪನ ಪೆಂಡಾಲ್ ಏಳುತ್ತದೆ, ಸಂಜೆ ಶರಣುಘೋಷ ಕೇಳುತ್ತದೆ, ಜಾಲಹಳ್ಳಿಯ ಅಯ್ಯಪ್ಪ ದೇವಸ್ಥಾನದ ದಾರಿಯಲ್ಲಿ ಕಪ್ಪು ಬಟ್ಟೆಯವರ ಸಾಲು ಕಾಣುತ್ತದೆ. ಇಲ್ಲಿ ಒಂದು ವಿಷಯ ಖಡಾಖಂಡಿತ: ವ್ರತ ಮಾಡು ಎಂದು ಪ್ರೊಬೇಷನ್ ಅಧಿಕಾರಿಯಾಗಲಿ ಕೆಲಸ ಕೊಟ್ಟವರಾಗಲಿ ಹೇಳುವಂತಿಲ್ಲ, ಮಾಡಬೇಡ ಅನ್ನುವಂತೆಯೂ ಇಲ್ಲ. ಭಕ್ತಿಯನ್ನು ಷರತ್ತು ಮಾಡಿದ ದಿನವೇ ಹುಡುಗರು ನಟಿಸಲು ಕಲಿಯುತ್ತಾರೆ.

ಬೀದಿಯ ಗುರುಸ್ವಾಮಿ ವೃತ್ತಿಯಲ್ಲಿ ಟೈಲರ್. ಹದಿನೆಂಟು ಸಲ ಶಬರಿಮಲೆಗೆ ಹೋಗಿ ತೆಂಗಿನ ಸಸಿ ಹೊತ್ತು ಬಂದವರು. ಅವರು ಹುಡುಗನಿಗೆ ಮೊದಲು ಕೇಳಿದ ಪ್ರಶ್ನೆ ದೇವರದ್ದಲ್ಲ.

‘ಕಂತು ಕಟ್ಟಿದ್ದೀಯೇನಪ್ಪ?’

‘ಎರಡು ಕಟ್ಟಿದ್ದೀನಿ ಗುರುಸ್ವಾಮಿ.’

‘ಮೂರನೇದು ಕಟ್ಟಿ ರಸೀದಿ ತಗೊಂಡ್ ಬಾ. ಋಣ ಇಟ್ಕೊಂಡು ಇರುಮುಡಿ ಹೊರೋದು ಭಾರ ಆಗುತ್ತೆ.’

ಎರಡನೇ ಪ್ರಶ್ನೆ ಕುಡಿತದ್ದು. ಇದನ್ನು ಬಹಳ ಗುರುಸ್ವಾಮಿಗಳು ಕೇಳುವುದಿಲ್ಲ, ಕೇಳಲೇಬೇಕು. ದಿನವೂ ಹೆಚ್ಚು ಕುಡಿಯುವವರು ಮಾಲೆ ಹಾಕಿದ ದಿನ ಒಮ್ಮೆಲೇ ಬಿಟ್ಟರೆ ಮೈ ತಿರುಗಿ ಬೀಳಬಹುದು. ಕೈ ನಡುಕ, ಬೆವರು, ನಿದ್ದೆಗೇಡು ಮೊದಲ 6ರಿಂದ 24 ಗಂಟೆಯಲ್ಲಿ ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದಲ್ಲಿ ಗೊಂದಲ, ಇಲ್ಲದ್ದು ಕಾಣುವುದು, ಸನ್ನಿ. ಇದರಲ್ಲಿ ಪ್ರಾಣಕ್ಕೇ ಅಪಾಯ. ಜನ ಇದನ್ನು ‘ಸ್ವಾಮಿ ಮೈಮೇಲೆ ಬಂದ’ ಎಂದುಕೊಂಡು ಕರ್ಪೂರ ಹಚ್ಚಿ ಕೂರುವುದುಂಟು, ಆಸ್ಪತ್ರೆಗೆ ಹೋಗುವ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ದಿನನಿತ್ಯ ಕುಡಿಯುವವರು ಮಾಲೆಗೆ ಎರಡು-ಮೂರು ವಾರ ಮೊದಲೇ ವೈದ್ಯರನ್ನು ಕಂಡು, ಮಾತ್ರೆ ಮತ್ತು ಥಯಮಿನ್ ನೆರವಿನಲ್ಲಿ ಬಿಟ್ಟು, ಆಮೇಲೆ ಹಾಕಿಸಿಕೊಳ್ಳಬೇಕು. ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಫೋನಿನಲ್ಲಿ ಕೇಳುವುದಾದರೆ ಟೆಲಿ ಮಾನಸ್ 14416, ವ್ಯಸನಕ್ಕೆ 14446. ನಮ್ಮ ಹುಡುಗನದ್ದು ವಾರಕ್ಕೆರಡು ಬಾರಿಯ ಕುಡಿತ, ಹಿಂದೆ ಗಾಂಜಾ, ಅದಕ್ಕೂ ಹಿಂದೆ ಪಂಕ್ಚರ್ ಸಲ್ಯೂಷನ್ ಮೂಸುವುದು. ದೇಹಕ್ಕೆ ತೊಂದರೆಯಾಗಲಿಲ್ಲ.

2024ರ ನವೆಂಬರ್ 24, ಭಾನುವಾರ ಮಾಲೆ ಹಾಕಿದರು. ಕನ್ನಿಸ್ವಾಮಿ, ಅಂದರೆ ಮೊದಲ ಸಲ ಮಾಲೆ ಹಾಕಿದವನು. ಬೆಳಗ್ಗೆ 4ಕ್ಕೆ ತಣ್ಣೀರು ಸ್ನಾನ, ಪೂಜೆ, 6ರ ಪಾಳಿ, ಸಂಜೆ ಮತ್ತೆ ಸ್ನಾನ, ಭಜನೆ, ಚಾಪೆಯ ಮೇಲೆ ನಿದ್ದೆ. ಮಾಂಸ, ಮದ್ಯ, ಬೀಡಿ ಇಲ್ಲ; ಕೂದಲು, ಗಡ್ಡ ತೆಗೆಯುವಂತಿಲ್ಲ.

ಕಾರ್ಖಾನೆಯಲ್ಲಿ ಮೊದಲ ದಿನವೇ ತೊಡಕಾಯಿತು. ಬರಿಗಾಲು, ಕಪ್ಪು ಪಂಚೆ. ಪೌಡರ್ ಹೊಡೆಯುವ ಮೊದಲು ಕಬ್ಬಿಣವನ್ನು ಎಣ್ಣೆ ತೆಗೆಯುವ ತೊಟ್ಟಿ, ತುಕ್ಕು ತೆಗೆಯುವ ಆಮ್ಲದ ತೊಟ್ಟಿ, ಫಾಸ್ಫೇಟ್ ತೊಟ್ಟಿಗಳಲ್ಲಿ ಅದ್ದುತ್ತಾರೆ, ನೆಲವೆಲ್ಲ ಹನಿ. ಮುಂದೆ 180ರಿಂದ 200 ಡಿಗ್ರಿಯ ಓವನ್. ಸೂಪರ್‌ವೈಸರ್ ಬಾಗಿಲಲ್ಲೇ ತಡೆದರು. ಹುಡುಗ ‘ಹಾಗಾದ್ರೆ ಕೆಲಸಾನೇ ಬೇಡ’ ಎಂದು ಹೊರಟೇಬಿಟ್ಟಿದ್ದ. ಅಂದು ಸಂಜೆ ಗುರುಸ್ವಾಮಿ ಬಂದು ಹೇಳಿದ್ದು: ಪೂಜೆಗೆ ಬರಿಗಾಲು, ಕೆಲಸಕ್ಕೆ ಸೇಫ್ಟಿ ಶೂ, ಪಂಚೆಯ ಬದಲು ಕಪ್ಪು ಪ್ಯಾಂಟು, ಮಾಲೆ ಅಂಗಿಯ ಒಳಗೆ, ಗುಂಡಿ ಹಾಕಿ, ಗಡ್ಡ ಬಂದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಸ್ಪ್ರೇ ಬೂತು ಬಿಟ್ಟು ನೇತು ಹಾಕುವ, ಇಳಿಸುವ ಕೆಲಸ. ಓವನ್ ಹತ್ತಿರ ಇರುವವರು ಬೆಳಗ್ಗೆ ಉಪವಾಸ ಹೋಗಬಾರದು, ಅವಲಕ್ಕಿಯೋ ಬಾಳೆಹಣ್ಣೋ ತಿಂದೇ ಹೋಗಬೇಕು. ವ್ರತಕ್ಕೂ ಪಾಳಿಗೂ ಜಗಳ ಬಂದಾಗ ಇಷ್ಟು ನೇರವಾಗಿ ಬಿಡಿಸುವವರು ಒಬ್ಬರಿದ್ದರೆ ಸಾಕು, ಹುಡುಗರು ಕೆಲಸ ಬಿಡುವುದಿಲ್ಲ.

ಆ ದಿನಗಳಲ್ಲಿ ಅವನಲ್ಲಿ ಆದ ಬದಲಾವಣೆಗೆ ದೊಡ್ಡ ಕಾರಣ ಒಂದು ಸಣ್ಣ ಪದ. ಠಾಣೆಯ ಕಾಗದದಲ್ಲಿ ಅವನ ಹೆಸರಿನ ಪಕ್ಕ ‘ಉರುಫ್’ ಹಾಕಿ ಅಡ್ಡಹೆಸರು ಬರೆದಿದೆ. ಬೀದಿಯಲ್ಲೂ ಅದೇ, ಜೈಲಿನಲ್ಲೂ ಅದೇ. ಮಾಲೆ ಬಿದ್ದ ಮೇಲೆ ಎಲ್ಲರ ಬಾಯಲ್ಲೂ ‘ಸ್ವಾಮಿ’. ಬಸ್ಸಿನ ಕಂಡಕ್ಟರ್ ‘ಸ್ವಾಮಿ, ಒಳಗಡೆ ಹೋಗಿ’ ಅನ್ನುತ್ತಾರೆ. ಬೀಟಿನ ಕಾನ್ಸ್‌ಟೇಬಲ್ ಒಬ್ಬರು ಹಳೆಯ ಹೆಸರು ಹಿಡಿದು ಕೂಗಹೋಗಿ, ಕಪ್ಪು ಬಟ್ಟೆ ನೋಡಿ, ‘ಏನ್ ಸ್ವಾಮಿ, ಚೆನ್ನಾಗಿದ್ದೀರಾ’ ಅಂದರು. ಬಹುವಚನ ಕೇಳಿಸಿಕೊಂಡು ಅವನಿಗೆ ಏನು ಉತ್ತರ ಕೊಡಬೇಕೆಂದು ತಿಳಿಯಲಿಲ್ಲ.

ಅಪಾಯವೂ ಅಲ್ಲೇ ಇದೆ. ಡಿಸೆಂಬರ್ ಎರಡನೇ ವಾರ ತಾಯಿ ಮನೆಯಲ್ಲಿ ಸ್ವಾಮಿಗಳಿಗೆ ಭಿಕ್ಷೆ ಇಟ್ಟುಕೊಂಡರು. ಒಂದೇ ಕೋಣೆಯ ಮನೆ, ಹನ್ನೊಂದು ಜನ ಸ್ವಾಮಿಗಳು, ಹೊರಗೆ ಮೆಟ್ಟಿಲ ಮೇಲೆಲ್ಲ ಎಲೆ. ಕೇಸಾದಾಗಿನಿಂದ ಕಣ್ಣೆತ್ತಿ ನೋಡದ ಎದುರುಮನೆಯಾಕೆ ಬಂದು ಸಾರು ಬಡಿಸಿದರು, ಹೋಗುವಾಗ ಹುಡುಗನ ಕಾಲು ಮುಟ್ಟಿದರು. ಹುಡುಗ ಹಿಂದೆ ಸರಿದ, ಬೆಂಕಿ ತಾಕಿದವನಂತೆ. ರಾತ್ರಿ ಗುರುಸ್ವಾಮಿಯ ಅಂಗಡಿಗೆ ಹೋಗಿ, ‘ಅವರು ನಂಗೆ ಯಾಕೆ ಕಾಲು ಮುಗಿಬೇಕು’ ಎಂದು ಕೇಳಿದ. ಅವರು ಮೆಷಿನ್ ನಿಲ್ಲಿಸದೆ ಹೇಳಿದರು: ‘ಅದು ಮಾಲೆಗೆ ಮಾಡಿದ ನಮಸ್ಕಾರ ಕಣಪ್ಪ. ನಿಂದು ಇನ್ನೂ ಬಾಕಿ ಇದೆ.’

ಹೀಗೆ ಬಿಡಿಸಿ ಹೇಳದಿದ್ದರೆ ಹುಡುಗರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದೋ ತಾನು ಶುದ್ಧನಾಗಿಬಿಟ್ಟೆ, ಯಾರಿಗೂ ಏನೂ ಕೊಡಬೇಕಾಗಿಲ್ಲ ಅನ್ನುತ್ತಾರೆ. ಇಲ್ಲವೇ ಇದೆಲ್ಲ ನಾಟಕ, ತಾನು ಅದೇ ಹಳೆಯ ಕಳ್ಳ ಎಂದು ಒಳಗೇ ಕುಗ್ಗುತ್ತಾರೆ.

ಗಾರ್ಡ್

ಡಿಸೆಂಬರಿನಲ್ಲಿ ಹುಡುಗನಿಗೆ ಗಾರ್ಡ್ ಮನೆಗೆ ಹೋಗಿ ಕಾಲಿಗೆ ಬೀಳಬೇಕು ಅನ್ನಿಸಿತು. ಕೇಳಲು ಒಳ್ಳೆಯದೇ. ಆದರೆ ತಡೆಯಲಾಯಿತು, ತಡೆದದ್ದು ಸರಿ. ಕೇಸು ನಡೆಯುತ್ತಿರುವಾಗ ಆರೋಪಿ ದೂರುದಾರರ ಮನೆ ಬಾಗಿಲಿಗೆ ಹೋದರೆ ಅದನ್ನು ಸಾಕ್ಷಿಗೆ ಬೆದರಿಕೆ ಎಂದೇ ನೋಡುತ್ತಾರೆ, ಜಾಮೀನು ರದ್ದಾಗಬಹುದು. ತೀರ್ಪು ಬಂದ ಮೇಲೂ, ತನ್ನನ್ನು ಸುಲಿದವನು ಮನೆ ಹುಡುಕಿಕೊಂಡು ಬಂದ ಎಂದರೆ ಆ ಮನೆಯ ಹೆಂಡತಿ ಮಕ್ಕಳಿಗೆ ಹೇಗಿರುತ್ತದೆ? ಕ್ಷಮೆ ಕೇಳುವವರಿಗೆ ತಮ್ಮ ಮನಸ್ಸಿನ ಭಾರ ಕಾಣುತ್ತದೆ, ಎದುರಿನವರ ಭಯ ಕಾಣುವುದಿಲ್ಲ.

ಸರಿಯಾದ ದಾರಿ: ಹುಡುಗ ಪ್ರೊಬೇಷನ್ ಅಧಿಕಾರಿಗೆ ಹೇಳಬೇಕು, ಅವರು ವಕೀಲರ ಮೂಲಕ ಕೇಳಿಸಬೇಕು, ಒಂದೇ ಸಲ. ಕೇಳಿಸಿದರು. ಗಾರ್ಡ್ ಬೇಡ ಅಂದರು. ದುಡ್ಡು ಕೋರ್ಟಿಂದ ತೆಗೆದುಕೊಳ್ಳುತ್ತೇನೆ, ಮುಖ ನೋಡುವ ಇಷ್ಟವಿಲ್ಲ, ಆ ಫೋನಿನಲ್ಲಿ ತೀರಿಹೋದ ಅಮ್ಮನ ಫೋಟೋ ಇದ್ದವು ಅಂದರಂತೆ.

ಹುಡುಗನಿಗೆ ಇದನ್ನು ಹೇಳಬೇಕೋ ಬೇಡವೋ ಎಂಬ ಚರ್ಚೆಯಾಯಿತು. ಹೇಳಲಾಯಿತು. 13,500ರ ಲೆಕ್ಕ ಇಟ್ಟುಕೊಂಡಿದ್ದವನಿಗೆ ಲೆಕ್ಕಕ್ಕೆ ಸಿಗದ್ದು ಏನೋ ಇದೆ ಎಂದು ಗೊತ್ತಾಗಲೇಬೇಕಿತ್ತು. ಅವನು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ, ಕೆಲಸಕ್ಕೆ ಮಾತ್ರ ಹೋದ. ಕ್ಷಮೆ ಸಿಗದಿದ್ದರೂ ಕಂತು ಕಟ್ಟುತ್ತ ಹೋಗುವುದು ಹೇಗೆಂದು ಕಲಿಯಲು ಈ ಹುಡುಗನಿಗೆ ಬೇಕಾಗಿದ್ದದ್ದು ನಂಬಿಕೆಯೇ, ಅದರಲ್ಲಿ ನಮಗೆ ಅನುಮಾನವಿಲ್ಲ.

ಇದೇ ತಿಂಗಳು ಸ್ಥಳೀಯ ಸಂಘವೊಂದು ವಾರ್ಷಿಕೋತ್ಸವದ ವೇದಿಕೆಯಲ್ಲಿ ಅವನು ತನ್ನ ಕಥೆ ಹೇಳಲಿ ಎಂದು ಕೇಳಿತು. ಶಾಲು, ಹಾರ, ಮೈಕು. ಬೇಡ ಅನ್ನಬೇಕು, ಕನಿಷ್ಠ ಬಾಂಡ್ ಮುಗಿಯುವವರೆಗೆ. ಚಪ್ಪಾಳೆ ಬೀಳುವುದು ಅಪರಾಧದ ಭಾಗಕ್ಕೆ. ಎರಡನೇ ಸಲ ಹೇಳುವಾಗ ಆ ಭಾಗ ದೊಡ್ಡದಾಗುತ್ತದೆ. ವಿಡಿಯೋ ಫೋನಿಂದ ಫೋನಿಗೆ ಹರಿದು ಗಾರ್ಡಿನ ಕೈಗೂ ಬರುತ್ತದೆ. ಚರ್ಚಿನ ಸಾಕ್ಷಿ ಕೂಟಗಳಲ್ಲೂ ಇದೇ ತೊಂದರೆ ಆಗುತ್ತದೆ.

ಅನುಮತಿ

ಯಾತ್ರೆ ಜನವರಿ 3ರ ರಾತ್ರಿ, 41ನೇ ದಿನ. ಊರು ಬಿಡಬೇಕಾದ್ದರಿಂದ ಮೂರು ವಾರ ಮೊದಲೇ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ. ಜೊತೆಗೆ ಲಗತ್ತಿಸಿದ್ದು: ಶಬರಿಮಲೆಯ ವರ್ಚುವಲ್ ಕ್ಯೂ ಚೀಟಿ, ವ್ಯಾನಿನ ನಂಬರು, ಗುರುಸ್ವಾಮಿಯ ಪತ್ರ ಮತ್ತು ಫೋನ್ ನಂಬರು, ಹೋಗುವ-ಬರುವ ದಿನಾಂಕ, ಮಾಲೀಕರ ರಜೆ ಪತ್ರ. ಆದೇಶದ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ವಿಚಾರಣೆ ಇನ್ನೂ ನಡೆಯುತ್ತಿರುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಯಾತ್ರೆಯ ದಿನಗಳಲ್ಲಿ ಹಾಜರಾತಿ ಇದ್ದರೆ ಮೊದಲೇ ವಿನಾಯಿತಿ ಅರ್ಜಿ ಹಾಕಬೇಕು. ‘ದೇವರ ಕೆಲಸ, ಜಡ್ಜ್ ಸಾಹೇಬ್ರು ಏನೂ ಅನ್ನಲ್ಲ’ ಎಂದು ಹೋದವರಿಗೆ ವಾಪಸ್ ಬರುವಷ್ಟರಲ್ಲಿ ಜಾಮೀನುರಹಿತ ವಾರಂಟ್ ಕಾದಿರುತ್ತದೆ.

ಖರ್ಚು: ಮಾಲೆ-ಬಟ್ಟೆ 1,400, ಇರುಮುಡಿ 900, ವ್ಯಾನಿನ ಪಾಲು 4,800, ದಾರಿಯ ಊಟ-ಕಾಣಿಕೆ 1,100. ಒಟ್ಟು 8,200. ಸಂಬಳವಿಲ್ಲದ ಮೂರು ದಿನದ ರಜೆಗೆ ಮತ್ತೆ 1,850 ಹೋಯಿತು. ಮೂರೂವರೆ ತಿಂಗಳ ಉಳಿತಾಯ ಖಾಲಿ. ಇದನ್ನು ಯಾರೂ ಕೂತು ಕೂಡಿಸಿರಲಿಲ್ಲ, ಗುರುಸ್ವಾಮಿಯೂ. ಎಲ್ಲರೂ ವ್ರತದ ಬಗ್ಗೆ ಯೋಚಿಸಿದರು, ಜನವರಿಯ ಬಗ್ಗೆ ಯೋಚಿಸಲಿಲ್ಲ.

ಜನವರಿ 7

ಮಂಗಳವಾರ ಬೆಳಗ್ಗೆ ವ್ಯಾನು ಬಂತು. ತಾಯಿ ಮಾಲೆ ತೆಗೆದು ದೇವರ ಪಟಕ್ಕೆ ಹಾಕಿದರು. ಮಧ್ಯಾಹ್ನ ಕ್ಷೌರ. ಸಂಜೆ ಐದಕ್ಕೆ ಹಳೆಯ ಗೆಳೆಯರ ಫೋನ್: ‘ಮಗಾ, ಮಾಲೆ ತೆಗ್ದಾಯ್ತಲ್ಲ, ಬಾ.’

ಇದು ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ನಡೆಯುವುದೇ. ಮಾಲೆ ತೆಗೆದ ರಾತ್ರಿ ಬಾಟಲಿ, ಬಿರಿಯಾನಿ. ಮನೆ-ಕೆಲಸ ಗಟ್ಟಿ ಇರುವವರಿಗೆ ಅದು ಒಂದು ರಾತ್ರಿಯ ಮಾತು. ಈ ಹುಡುಗನಿಗೆ ಹಾಗಲ್ಲ. ನಲವತ್ತೈದು ದಿನ ಪ್ರತಿ ಗಂಟೆಗೂ ಒಂದು ಕೆಲಸವಿತ್ತು, ಸುತ್ತ ಹತ್ತು ಜನರಿದ್ದರು, ‘ಸ್ವಾಮಿ’ ಎಂಬ ಹೆಸರಿತ್ತು. ಸಂಜೆ ಐದಕ್ಕೆ ಅವೆಲ್ಲ ಒಟ್ಟಿಗೇ ಹೋದವು. ಕೈಯಲ್ಲಿದ್ದದ್ದು 300 ರೂಪಾಯಿ. (ರಂಜಾನ್ ಮುಗಿದ ಚಾಂದ್ ರಾತ್, ತಪಸ್ಸು ಕಾಲ ಮುಗಿದ ಈಸ್ಟರ್ ಸಂಜೆ: ನೇಮವೊಂದು ಗಡುವಿಗೆ ಮುಗಿಯುವ ಯಾವ ಮತದಲ್ಲೂ ಹೊಸದಾಗಿ ನಿಂತ ಹುಡುಗರಿಗೆ ಆ ರಾತ್ರಿ ಕಷ್ಟದ್ದೇ.)

ರಾತ್ರಿ 11.40. ಕುಡಿದು ಗೆಳೆಯನ ಬೈಕಿನ ಹಿಂದೆ ಕೂತಿದ್ದ. ನಾಕಾಬಂದಿಯಲ್ಲಿ ನಿಲ್ಲಿಸಿದರು. ಬೈಕಿಗೆ ಬೇರೆ ಗಾಡಿಯ ನಂಬರ್ ಪ್ಲೇಟು. ಹಿಂದೆ ಕೂತ ಹುಡುಗ, ಹಳೆಯ ಕೇಸು: ಪೊಲೀಸರು ಇಬ್ಬರನ್ನೂ ಠಾಣೆಗೆ ಕರೆದೊಯ್ದರು. ಸುಲಿಗೆ-ಕಳ್ಳತನದ ಹಿನ್ನೆಲೆಯವರನ್ನು ಠಾಣೆಯಲ್ಲಿ ‘ಎಂಓಬಿ’ ಅನ್ನುತ್ತಾರೆ. ಆ ಪಟ್ಟಿಯಲ್ಲಿ ಇವನ ಹೆಸರಿತ್ತು. ಬೆಳಗ್ಗೆ ತಾಯಿ ಮತ್ತು ಗುರುಸ್ವಾಮಿ ಹೋಗಿ, ಅವನು ಹಿಂದಿನ ದಿನವಷ್ಟೇ ಯಾತ್ರೆಯಿಂದ ಬಂದದ್ದು, ಬೈಕು ಅವನದ್ದಲ್ಲ ಎಂದು ಹೇಳಿದ ಮೇಲೆ ಬಿಟ್ಟರು. ಇವನ ಮೇಲೆ ಕೇಸಾಗಲಿಲ್ಲ. 6ರ ಪಾಳಿ ತಪ್ಪಿತು. ವಿಷಯ ಪ್ರೊಬೇಷನ್ ಅಧಿಕಾರಿಗೆ ಹೋಯಿತು. ಜನವರಿಯ ಕಂತೂ ತಪ್ಪಿತು.

ಇಂಥ ಹೊತ್ತಿನಲ್ಲಿ ಗೊತ್ತಿರಬೇಕಾದದ್ದು ಎರಡು. ಒಂದು, ಠಾಣೆಯ ಬಗ್ಗೆ. ಕರೆದರೆ ಓಡಬಾರದು, ಒಬ್ಬರೇ ಹೋಗಲೂಬಾರದು. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು, ಬಂಧನದ ಮೆಮೊ ಬರೆಯಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನ ಅಗತ್ಯವಿಲ್ಲದ ಕಡೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರಂತೆ ನೋಟಿಸ್ ಕೊಟ್ಟು ಕರೆಯಬೇಕು. ಪಕ್ಕದ ಬಡಾವಣೆಯಲ್ಲಿ ಮೊಬೈಲ್ ಹೋದಾಗಲೆಲ್ಲ ಇವನನ್ನು ಕೇಳುತ್ತಾರೆ, ಅದು ನಿಲ್ಲಲು ವರ್ಷಗಳೇ ಬೇಕು. ಕಾಪಾಡುವುದು ಹಾಜರಿ ಪುಸ್ತಕ. ಪಂಚಿಂಗ್ ಯಂತ್ರದ ಸಮಯ, ಸಂಬಳದ ಚೀಟಿ, ಪ್ರೊಬೇಷನ್ ಅಧಿಕಾರಿಯ ಭೇಟಿಯ ದಿನಾಂಕಗಳನ್ನು ಒಂದು ಫೈಲಿನಲ್ಲಿ ಇಟ್ಟಿರಬೇಕು.

ಇನ್ನೊಂದು, ಬಾಂಡ್ ಬಗ್ಗೆ. ಷರತ್ತು ತಪ್ಪಿದರೆ ಪ್ರೊಬೇಷನ್ ಕಾಯ್ದೆಯ 9ನೇ ಕಲಮಿನಂತೆ ಕೋರ್ಟ್ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಾದರೆ 50 ರೂಪಾಯಿ ಮೀರದ ದಂಡ ಹಾಕಿ ಬಾಂಡ್ ಮುಂದುವರಿಸಲೂಬಹುದು. ಯಾವುದು ಎಂಬುದು ಬಹುಮಟ್ಟಿಗೆ ಹುಡುಗ ತಾನೇ ಹೋಗಿ ಹೇಳಿದನೋ ಅಥವಾ ಸಿಕ್ಕಿಬಿದ್ದನೋ ಎಂಬುದರ ಮೇಲೆ ನಿಂತಿದೆ. ವಕೀಲರು ಮರುದಿನವೇ ಮೆಮೊ ಹಾಕಿ ಕಂತಿಗೆ ಸಮಯ ಕೇಳಿದರು. ಸಮಯ ಸಿಕ್ಕಿತು, ಫೆಬ್ರವರಿಯಲ್ಲಿ ಎರಡು ಕಂತು ಕಟ್ಟಬೇಕಾಯಿತು.

ಮನೆಯಲ್ಲಿ ಕೇಳಿಬಂದ ಮಾತುಗಳು ಎರಡು ಬಗೆಯವು. ‘ಸ್ವಾಮಿ ಸುಮ್ನೆ ಬಿಡಲ್ಲ, ಕಣ್ಣು ಹೋಗುತ್ತೆ’ ಎಂದು ಒಬ್ಬರು. ‘ಹೋಗ್ಲಿ ಬಿಡು, ಮುಂದಿನ ವರ್ಷ ಮತ್ತೆ ಮಾಲೆ ಹಾಕ್ಕೊಂಡ್ರೆ ಸರಿಹೋಗುತ್ತೆ’ ಎಂದು ಇನ್ನೊಬ್ಬರು. ಎರಡೂ ಹಾನಿ. ಹೆದರಿದ ಹುಡುಗ ದೇವರಿಂದಲೂ ಮುಖ ತಪ್ಪಿಸುತ್ತಾನೆ. ವರ್ಷಕ್ಕೊಮ್ಮೆ ತೊಳೆದರಾಯಿತು ಅನ್ನಿಸಿಕೊಂಡವನು ಉಳಿದ ಹತ್ತೂವರೆ ತಿಂಗಳು ನಿಶ್ಚಿಂತನಾಗಿ ಕೊಳೆ ಮಾಡುತ್ತಾನೆ. ಗುರುಸ್ವಾಮಿ ಎರಡನ್ನೂ ಹೇಳಲಿಲ್ಲ. ಶನಿವಾರ ಸಂಜೆ ಅಂಗಡಿಗೆ ಬರಲು ಹೇಳಿ ಗುಂಡಿ ಹೊಲಿಯಲು ಕೊಟ್ಟರು.

ಬದಲಿಸಿದ್ದು

ಬೆಳಗ್ಗೆ 4ರ ಸ್ನಾನ 5ಕ್ಕೆ ಬಂತು, ನಿಲ್ಲಲಿಲ್ಲ. ಶನಿವಾರದ ಭಜನೆ ವರ್ಷವಿಡೀ, ಮಾಲೆ ಇಲ್ಲದೆಯೂ. ಸಂಬಳ ಬಂದ ದಿನವೇ ಕಂತಿನ 1,500 ಬೇರೆ ಲಕೋಟೆಗೆ, ತಾಯಿಯ ಕೈಗೆ. ಯಾತ್ರೆಗೆಂದು ತಿಂಗಳಿಗೆ 700ರ ಉಳಿತಾಯ ಬೇರೆ, ಹನ್ನೆರಡು ತಿಂಗಳಿಗೆ 8,400. ಹಳೆಯ ಸಿಮ್ ತೆಗೆದು, ಹೊಸ ನಂಬರನ್ನು ಆರೇ ಜನರಿಗೆ ಕೊಟ್ಟ.

ನಡುವೆ ಏಪ್ರಿಲಿನಲ್ಲಿ ಒಮ್ಮೆ ಕುಡಿದ. ಮರುದಿನ ಪ್ರೊಬೇಷನ್ ಅಧಿಕಾರಿಗೆ ತಾನೇ ಫೋನ್ ಮಾಡಿ ಹೇಳಿದ. ಪಾಳಿ ತಪ್ಪಿಸಲಿಲ್ಲ.

ಹತ್ತನೇ ಕಂತು 2025ರ ಜೂನ್‌ನಲ್ಲಿ ಮುಗಿಯಿತು. ಹತ್ತು ರಸೀದಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಪಟದ ಹಿಂದೆ ಸಿಕ್ಕಿಸಿದ್ದಾನೆ. ಗಾರ್ಡ್ ಇನ್ನೂ ಭೇಟಿಗೆ ಒಪ್ಪಿಲ್ಲ. ಮತ್ತೆ ಕೇಳಿಸಿಯೂ ಇಲ್ಲ.

ಆಗಸ್ಟಿಗೆ ಮೇಲ್ವಿಚಾರಣೆ ಮುಗಿಯಿತು, ಬಾಂಡ್ ಇನ್ನೊಂದು ವರ್ಷ ಬಾಕಿ. ನವೆಂಬರಿನಲ್ಲಿ ಎರಡನೇ ಮಾಲೆ ಹಾಕುವ ಮೊದಲು ಕೂತು ಬರೆದದ್ದು ವ್ರತದ ಪಟ್ಟಿಯಲ್ಲ, ಮಾಲೆ ತೆಗೆಯುವ ದಿನದ ಪಟ್ಟಿ. ವ್ಯಾನು ಬೆಳಗ್ಗೆ ಬಂದರೆ ಅಂದು ಮಧ್ಯಾಹ್ನ 2ರ ಪಾಳಿ ಕೇಳಿಕೊಳ್ಳುವುದು. ಮಾಲೆ ತಾಯಿ ತೆಗೆಯುವುದು, ಕ್ಷೌರ ಮರುದಿನಕ್ಕೆ. ರಾತ್ರಿ 10ಕ್ಕೆ ಪಾಳಿ ಬಿಡುವಾಗ ಕಾರ್ಖಾನೆಯ ಗೇಟಿನಲ್ಲಿ ಗುರುಸ್ವಾಮಿಯ ಮಗ ಗಾಡಿ ತಂದು ನಿಲ್ಲುವುದು. ಊಟ ಗುರುಸ್ವಾಮಿಯ ಮನೆಯಲ್ಲಿ: ಅನ್ನ, ಬಸ್ಸಾರು. ಮರುದಿನ ಬೆಳಗ್ಗೆ 5ಕ್ಕೆ ಸ್ನಾನ.